ವಿಮೆಯ ವ್ಯಾಜ್ಯದಲ್ಲಿ ಚಿತ್ರದ ಸಾಕ್ಷಿ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂಬ ಹಿರಿಯರ ಮಾತು ಇಂದಿನ ಮೋಟಾರು ವಿಮೆಯ ವ್ಯವಹಾರಕ್ಕೆ ಬಹಳ ಚೆನ್ನಾಗಿ ಒಪ್ಪುವದು. ಯಾವ ವಾಹನವು ಯಾವ ವೇಳೆಯಲ್ಲಿ ಯಾವ ಸ್ಥಳದಲ್ಲಿತ್ತೆಂಬುದನ್ನು ತೋರಿಸುವ ಚಿತ್ರಗಳು ಟೋಲ್ ನಾಕಾಗಳಲ್ಲಿಯೂ ದೊಡ್ಡ ಪಟ್ಟಣಗಳ ಚೌಕಗಳಲ್ಲಿಯೂ ಪೋಲೀಸರ ಮೊಬೈಲುಗಳಲ್ಲಿಯೂ ಹಗಲಿರುಳು ಸಂಗ್ರಹವಾಗುತ್ತಿರುವವು. ಇವುಗಳ ಬಲದಿಂದ ಸುಳ್ಳು ಪರಿಹಾರದ ಅರ್ಜಿಗಳನ್ನು ಹಿಡಿಯಬಹುದೆಂಬ ವಾದಕ್ಕೆ ನಮ್ಮ ವಿರೋಧವಿಲ್ಲ. ಆದರೆ ಸುಳ್ಳರನ್ನು ಹಿಡಿಯುವ ಬಲೆಯಲ್ಲಿ ನಿಜವಾದ ದುಃಖಿತರು ಸಿಲುಕಬಾರದೆಂಬುದೇ ನಮ್ಮ ಕಳಕಳಿ.

ಅಫಜಲಪುರ ತಾಲೂಕಿನ ಹವಳಗಾದಲ್ಲಿ ಸಕ್ಕರೆ ಕಾರಖಾನೆಯಿದೆಯೆಂಬುದನ್ನು ವಾಚಕರು ಬಲ್ಲರು. ಕಬ್ಬಿನ ಹಂಗಾಮು ಬಂತೆಂದರೆ ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡ ಟ್ರ್ಯಾಕ್ಟರುಗಳು ರಾತ್ರಿಯಿಡೀ ಅತ್ತ ಸಾಗುವವು. ಅದೇ ತಾಲೂಕಿನ ದೇವಲ ಗಾಣಗಾಪುರಕ್ಕೆ ಯಾತ್ರಿಕರ ವಾಹನಗಳು, ಅಕ್ಕಲಕೋಟೆಯ ಕಡೆಯಿಂದ ಮಹಾರಾಷ್ಟ್ರದ ವಾಹನಗಳು ಬೇರೆ. ಹಿಂದೆ ಕೆಂಪು ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದ ಟ್ರೇಲರೊಂದಕ್ಕೆ ಕತ್ತಲೆಯಲ್ಲಿ ಸೈಕಲ್ ಮೋಟಾರಿನವನೊಬ್ಬನು ಬಡಿದು ಸತ್ತನೆಂದು ಭಾವಿಸೋಣ. ಟ್ರ್ಯಾಕ್ಟರಿಗೆ ವಿಮೆ ಇಲ್ಲದಿದ್ದರೆ ಅವನ ಹೆಂಡತಿ ಮಕ್ಕಳಿಗೆ ಗತಿಯೇನು? ಮಾಲಕನ ಮೇಲೆ ಹುಕುಮನಾಮೆ ದೊರೆಯಬಹುದು; ಸಾಲದಲ್ಲಿ ಮುಳುಗಿದವನಿಂದ ಹಣ ದೊರೆಯಲಾರದು.

ಮೋಸವು ಹುಟ್ಟುವದು ಈ ಸಂದಿಯಲ್ಲಿಯೇ. ದಲಾಲನೊಬ್ಬನು ಮುಂದೆ ಬಂದು, ವಿಮೆಯುಳ್ಳ ಬೇರೊಂದು ವಾಹನವನ್ನು ಅಪಘಾತದ ಜಾಗದಲ್ಲಿ ತೋರಿಸುವನು. ಲೈಸೆನ್ಸು ಇಲ್ಲದವನ ಬದಲು ಇದ್ದವನನ್ನು ಚಾಲಕನೆಂದು ನಿಲ್ಲಿಸುವನು. ಇದು ಬರಿಯ ಊಹೆಯಲ್ಲ. ಉತ್ತರ ಪ್ರದೇಶದಲ್ಲಿ ಇಂಥ ಅರ್ಜಿಗಳ ತನಿಖೆಗಾಗಿ 2015ರಲ್ಲಿ ಅಲಹಾಬಾದ ಹೈಕೋರ್ಟು ವಿಶೇಷ ತಂಡವನ್ನು ರಚಿಸಲು ಆಜ್ಞಾಪಿಸಿತು. ಸಾವಿರಕ್ಕೂ ಮಿಕ್ಕಿದ ಪ್ರಕರಣಗಳು ಸಂಶಯಕ್ಕೊಳಗಾದವು. 2021ರಲ್ಲಿ ಸುಪ್ರೀಂ ಕೋರ್ಟು ಈ ವಿಷಯವನ್ನು ವಿಚಾರಿಸಿದಾಗ ಕೆಲವು ವಕೀಲರ ಪಾತ್ರವೂ ಚರ್ಚೆಗೆ ಬಂದಿತು. ಇಂಥ ಮೋಸದ ಭಾರವು ಕೊನೆಗೆ ಪ್ರಾಮಾಣಿಕವಾಗಿ ಕಂತು ಕಟ್ಟುವವರ ಮೇಲೆಯೇ ಬೀಳುವದು.

ಇಂಥಲ್ಲಿ ಸ್ಥಳದ ಚಿತ್ರವು ಒಳ್ಳೆಯ ಸಾಕ್ಷಿ. ಅಪಘಾತವಾಯಿತೆಂದು ಬರೆಸಿದ ವೇಳೆಯಲ್ಲಿ ಅದೇ ಲಾರಿಯು ನೂರು ಮೈಲು ದೂರದ ನಾಕಾವನ್ನು ದಾಟುತ್ತಿದ್ದರೆ ಕಟ್ಟುಕಥೆ ಅಲ್ಲಿಗೇ ಮುರಿಯಿತು. 2021ರಲ್ಲಿ ಅಪಘಾತಗಳ ದಾಖಲೆಗಾಗಿ ಮದ್ರಾಸ ಐಐಟಿಯು ರೂಪಿಸಿದ ವ್ಯವಸ್ಥೆಯನ್ನು ಮೊದಲು ಜಾರಿಗೆ ತಂದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2022ರ ಏಪ್ರಿಲ್ 1ರಿಂದ ಜಾರಿಯಾದ ಕೇಂದ್ರ ನಿಯಮಗಳಂತೆ ತನಿಖಾಧಿಕಾರಿಯು ಸ್ಥಳದ ಮತ್ತು ವಾಹನಗಳ ಚಿತ್ರ ತೆಗೆದು, 48 ತಾಸುಗಳೊಳಗೆ ಮೊದಲ ವರದಿಯನ್ನೂ, 50 ದಿನಗಳೊಳಗೆ ಮಧ್ಯಂತರ ವರದಿಯನ್ನೂ, 90 ದಿನಗಳೊಳಗೆ ಸವಿಸ್ತಾರ ವರದಿಯನ್ನೂ ಪರಿಹಾರ ನ್ಯಾಯಮಂಡಳಿಗೆ ಒಪ್ಪಿಸಬೇಕು. ಅದೇ ರಾತ್ರಿ ತೆಗೆದ ಚಿತ್ರವಿದ್ದರೆ ಮರುದಿನ ಬೇರೆ ವಾಹನವನ್ನು ತಂದು ನಿಲ್ಲಿಸುವದು ಸುಲಭವಲ್ಲ.

ಆದರೆ ಚಿತ್ರವು ಸಾಕ್ಷಿಯೇ ಹೊರತು ನ್ಯಾಯಾಧೀಶನಲ್ಲ. ಮೊಬೈಲು ಬರೆದುಕೊಳ್ಳುವ ಸ್ಥಳವು ಚಿತ್ರ ತೆಗೆದ ಸ್ಥಳ. ಅದು ಅಪಘಾತದ ಸ್ಥಳವೇ ಆಗಿರಬೇಕೆಂದಿಲ್ಲ. ಗಾಯಾಳುವನ್ನು ಬದುಕಿಸುವ ಅವಸರದಲ್ಲಿ ಜನರು ವಾಹನವನ್ನು ಬದಿಗೆ ಸರಿಸಿರಬಹುದು, ಪೋಲೀಸರು ಠಾಣೆಗೆ ಒಯ್ದಿರಬಹುದು. ಕ್ಯಾಮೆರಾದ ಗಡಿಯಾರ ತಪ್ಪಿರಬಹುದು. ಸಂಖ್ಯೆಯ ಫಲಕವೇ ಖೋಟಾ ಇರಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಇಂಥ ದಾಖಲೆಗೆ ಪ್ರಮಾಣಪತ್ರವನ್ನು ಕೇಳುವದು ಇದಕ್ಕಾಗಿಯೇ.

ಇದಕ್ಕಿಂತಲೂ ದೊಡ್ಡ ಅಪಾಯವೊಂದುಂಟು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಸಂಖ್ಯೆಯನ್ನೋದುವ ಕ್ಯಾಮೆರಾಗಳಿವೆ. ಹೊಲದಿಂದ ಕಾರಖಾನೆಗೆ ಹೋಗುವ ಹಳ್ಳಿಯ ದಾರಿಯಲ್ಲಿ ಯಾವ ಕ್ಯಾಮೆರಾ? ದ್ವಿಚಕ್ರ ವಾಹನಕ್ಕೆ ಫಾಸ್ಟ್ಯಾಗ್ ಕೂಡ ಇಲ್ಲ. ಚಿತ್ರವಿಲ್ಲವೆಂಬುದನ್ನೇ ಸುಳ್ಳಿನ ಗುರುತೆಂದು ಹಿಡಿದರೆ ಪಟ್ಟಣದವನಿಗೊಂದು ನ್ಯಾಯ, ಹಳ್ಳಿಯವನಿಗೊಂದು ನ್ಯಾಯವಾದಂತೆ. ಹಾಗೆಂದು ಎಲ್ಲರ ಓಡಾಟದ ಚಿತ್ರಗಳನ್ನು ಕಂಪನಿಗಳ ಕೈಗೆ ರಾಶಿಯಾಗಿ ಒಪ್ಪಿಸುವದೂ ಸಲ್ಲದು. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಸಾರಿದ್ದು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ ಎಂಬುದನ್ನು ಕನ್ನಡಿಗರು ಮರೆಯಬಾರದು.

ಆದುದರಿಂದ ಅಧಿಕಾರಿಗಳಲ್ಲಿ ನಮ್ಮ ವಿನಂತಿಯಿಷ್ಟು. ಕಂಪನಿಯು ಯಾವ ಚಿತ್ರದ ಆಧಾರದಿಂದ ಅರ್ಜಿಯನ್ನು ವಿರೋಧಿಸುವದೋ ಅದರ ಪ್ರತಿಯನ್ನು ಅರ್ಜಿದಾರರಿಗೂ ಕೊಡಬೇಕು. ಕಾರಣವನ್ನು ಅವರಿಗೆ ತಿಳಿಯುವ ಕನ್ನಡದಲ್ಲಿ ಬರೆದು ತಿಳಿಸಬೇಕು. ತಮ್ಮ ಪರವಾದ ಚಿತ್ರವು ಸರಕಾರದ ಬಳಿಯಿದ್ದರೆ ಅದನ್ನು ಕೇಳಿ ಪಡೆಯುವ ದಾರಿ ಬಡವರಿಗೂ ತೆರೆದಿರಬೇಕು. ಕಂಪನಿಗೆ ವಕೀಲರ ಪಡೆಯೇ ಇರುವದು. ವಿಧವೆಗೆ ಇರುವದು ಕಲಬುರ್ಗಿಯ ಬಸ್ಸಿನ ಚೀಟಿ ಮಾತ್ರ.

ಎಲ್ಲಕ್ಕೂ ಮೊದಲು, ಮೋಸದ ಬೇರನ್ನೇ ಕೀಳಬೇಕು. ವಿಮೆಯಿಲ್ಲದೆ ವಾಹನ ಓಡಿಸಿದರೆ ಮೊದಲ ಸಲಕ್ಕೆ 2000 ರೂಪಾಯಿ ದಂಡವೆಂದು ಕಾಯಿದೆ ಹೇಳುವದು. ಆ ತಪಾಸಣೆಯನ್ನು ಹಂಗಾಮಿನ ಮೊದಲ ದಿನವೇ ಕಾರಖಾನೆಯ ಬಾಗಿಲಲ್ಲಿ ನಡೆಸಲು ಅಡ್ಡಿಯೇನು? ವಿಮೆಯ ಪತ್ರವೂ ಹಿಂದಿನ ಕೆಂಪು ದೀಪವೂ ಇಲ್ಲದ ಟ್ರೇಲರಿನ ಕಬ್ಬನ್ನು ತೂಕಕ್ಕೆ ತೆಗೆದುಕೊಳ್ಳುವದಿಲ್ಲವೆಂದು ಕಟ್ಟುನಿಟ್ಟು ಮಾಡಿದರೆ ಕೆಲವು ಜೀವಗಳು ಉಳಿದಾವು; ಸತ್ತವರ ಮನೆಯವರು ಸುಳ್ಳಿನ ದಲಾಲನ ಬಾಗಿಲಿಗೆ ಹೋಗುವದೂ ತಪ್ಪೀತು. ಸತ್ತ ಮೇಲೆ ಚಿತ್ರವನ್ನು ಹುಡುಕುವದಕ್ಕಿಂತ ಬದುಕಿರುವಾಗ ದೀಪ ಹಚ್ಚುವದು ಲೇಸಲ್ಲವೇ?