ಗುರಿ ಕೊಟ್ಟವರು ಪ್ರತಿಜ್ಞೆ ಬೋಧಿಸಬೇಡಿ

ಆಗಸ್ಟ್ 1 ಬಂತೆಂದರೆ ಶಾಲೆ, ಕಚೇರಿಗಳಲ್ಲಿ ಸಾಲಾಗಿ ನಿಲ್ಲಿಸಿ, ಕೈ ಮುಂದೆ ಚಾಚಿಸಿ, ದುಶ್ಚಟಗಳಿಂದ ದೂರವಿರುತ್ತೇವೆ ಎಂದು ಪ್ರತಿಜ್ಞೆ ಮಾಡಿಸುತ್ತಾರೆ. ಅದು ಇಳಕಲ್ಲಿನ ಮಹಾಂತ ಶಿವಯೋಗಿಗಳ ಹುಟ್ಟುಹಬ್ಬ. ಜೋಳಿಗೆ ಹಿಡಿದು ಊರೂರು ತಿರುಗಿ, ಕಾಳು ಕಾಸು ಕೇಳದೆ, ಜನರ ಚಟಗಳನ್ನೇ ಭಿಕ್ಷೆಯಾಗಿ ಬೇಡಿದ ಸ್ವಾಮಿಗಳು ಅವರು. ಸರ್ಕಾರ ಆ ದಿನವನ್ನು ವ್ಯಸನಮುಕ್ತ ದಿನವೆಂದು ಘೋಷಿಸಿದೆ. ಅದೇ ಸರ್ಕಾರ ಅಬಕಾರಿ ಇಲಾಖೆಗೆ 2023-24ರಲ್ಲಿ 36,000 ಕೋಟಿ, ಮರುವರ್ಷ 38,525 ಕೋಟಿ, 2025-26ಕ್ಕೆ 40,000 ಕೋಟಿ ರೂಪಾಯಿ ಗುರಿ ಕೊಟ್ಟಿತು. ಪರಿಶೀಲನಾ ಸಭೆಯಲ್ಲಿ ಅಧಿಕಾರಿ ಉತ್ತರ ಕೊಡಬೇಕಾದ್ದು ಎಷ್ಟು ವಸೂಲಾಯಿತು ಎಂಬ ಪ್ರಶ್ನೆಗೆ. ಎಷ್ಟು ಜನ ಕುಡಿತ ಬಿಟ್ಟರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಇದನ್ನು ಹೇಳಿದರೆ ಸಿದ್ಧ ಉತ್ತರವೊಂದು ಬರುತ್ತದೆ. ಕುಡಿಯುವುದು ಬಿಡುವುದು ಅವರವರಿಗೆ ಬಿಟ್ಟದ್ದು, ಸರ್ಕಾರವೇನು ಬಾಯಿಗೆ ಸುರಿಯುತ್ತದೆಯೇ, ಸಮಾಜದಲ್ಲಿ ಜಾಗೃತಿ ಮೂಡಬೇಕು. ಟಿವಿ ಚರ್ಚೆಯಲ್ಲಿ, ಕ್ಲಬ್ಬಿನಲ್ಲಿ, ವಿಧಾನಸಭೆಯ ಮೊಗಸಾಲೆಯಲ್ಲಿ ಇದೇ ಮಾತು.

ಈ ಮಾತಾಡುವವರು ರಾಯಚೂರು, ಕೊಪ್ಪಳದ ಕಡೆಯ ಯಾವುದಾದರೂ ಹಳ್ಳಿಗೆ ಬೆಳಿಗ್ಗೆ ಆರಕ್ಕೆ ಹೋಗಿ ನಿಲ್ಲಲಿ. ಕಿರಾಣಿ ಅಂಗಡಿಯ ಬಾಗಿಲು ಅರ್ಧ ತೆರೆದಿರುತ್ತದೆ. ಬೆಲ್ಲದ ಡಬ್ಬಿಯ ಹಿಂದೆ, ಬೀಡಿ ಕಟ್ಟಿನ ಪಕ್ಕ 90 ಎಂಎಲ್ ಪ್ಯಾಕೆಟ್ಟುಗಳು. ಲೈಸೆನ್ಸಿಲ್ಲ, ಬೋರ್ಡಿಲ್ಲ. ಎಂಆರ್‌ಪಿಗಿಂತ ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಕೊಟ್ಟರೆ ಆಯಿತು. ಕೈಯಲ್ಲಿ ಕಾಸಿಲ್ಲದವನಿಗೆ ಉದ್ದರಿಯೂ ಉಂಟು, ಖಾತೆ ಪುಸ್ತಕದಲ್ಲಿ ಅಕ್ಕಿ, ಎಣ್ಣೆಯ ಕೆಳಗೆ ಅದನ್ನೂ ಬರೆದಿಟ್ಟುಕೊಳ್ಳುತ್ತಾರೆ. ಕೂಲಿಗೆ ಹೊರಟ ಗಂಡಸು ಮುಖ ತೊಳೆಯುವ ಮೊದಲೇ ಒಂದು ಹರಿದು ಬಾಯಿಗೆ ಹಾಕಿಕೊಂಡು ಹೋಗುತ್ತಾನೆ. ಆ ಪ್ಯಾಕೆಟ್ಟು ಕಳ್ಳಬಟ್ಟಿಯಲ್ಲ ಎಂಬುದನ್ನು ಗಮನಿಸಿ. ರಾಜ್ಯ ಪಾನೀಯ ನಿಗಮದ ಡಿಪೋದಿಂದ ಹೊರಟು, ಲೈಸೆನ್ಸ್ ಇರುವ ಅಂಗಡಿ ಹಾದು, ಬೈಕಿನ ಚೀಲದಲ್ಲಿ ಹಳ್ಳಿ ಸೇರಿದ, ತೆರಿಗೆ ಕಟ್ಟಿದ ಮಾಲು ಅದು. ಊರಿನ ಚಿಕ್ಕ ಮಕ್ಕಳಿಗೆ ಯಾವ ಅಂಗಡಿ ಎಂದು ಗೊತ್ತು. ಬೀಟ್ ಪೊಲೀಸರಿಗೆ ಗೊತ್ತಿಲ್ಲವೆಂದರೆ ನಂಬಬೇಕೇ? ಆ ಪ್ಯಾಕೆಟ್ಟು ನಿಂತರೆ ಗುರಿ ಮುಟ್ಟುವುದಿಲ್ಲ, ಅದಕ್ಕೇ ಅದು ನಿಲ್ಲುವುದಿಲ್ಲ.

2007ರ ಜುಲೈ 1ರಂದು ಸಾರಾಯಿ ನಿಷೇಧವಾಯಿತು. ಹೆಂಗಸರು ಸಂತೋಷಪಟ್ಟರು. ಸಾರಾಯಿ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿ ಪ್ಯಾಕೆಟ್ಟು ಬಂತು. ಅಂದಿನಿಂದ ಮೂರೂ ಪಕ್ಷಗಳು ಅಧಿಕಾರ ನಡೆಸಿವೆ, ಒಂದಾದರೂ ಅಬಕಾರಿ ಗುರಿ ಇಳಿಸುತ್ತೇವೆ ಎಂದು ಬಾಯಿ ಬಿಟ್ಟದ್ದಿಲ್ಲ.

2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಎಂದು ಕೇಳಲು ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ನಡೆದು ಬಂದರು. ಸುಮಾರು 200 ಕಿಲೋಮೀಟರ್. ಹೆಚ್ಚಿನವರು ಕೂಲಿ ಮಾಡುವವರು, ದಿನ ತಪ್ಪಿದರೆ ಒಲೆ ಹತ್ತದವರು. ದಾರಿಯಲ್ಲಿ ಬೈಕ್ ಬಡಿದು ಅವರಲ್ಲೊಬ್ಬರು ತೀರಿಕೊಂಡರು. ಉಳಿದವರು ನಡಿಗೆ ನಿಲ್ಲಿಸಲಿಲ್ಲ, ಜನವರಿ 30ರಂದು, ಗಾಂಧಿ ಸತ್ತ ದಿನ, ರಾಜಧಾನಿ ಮುಟ್ಟಿದರು. ಇದಕ್ಕಿಂತ ದೊಡ್ಡ ಜಾಗೃತಿ ಯಾವುದು ಬೇಕು? ಅವರು ಬಂದು ಹೋದ ಮೇಲೆ ಏನಾಯಿತು? 2023ರಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮದ್ಯದಂಗಡಿ ತೆರೆಯುವ ಪ್ರಸ್ತಾವ ಹೊರಬಿತ್ತು. ಬೈಗುಳ ಬಿದ್ದ ಮೇಲೆ ಅದು ತಣ್ಣಗಾಯಿತು. 2025ರ ಮಾರ್ಚ್‌ನಲ್ಲಿ ತುರುವೇಕೆರೆಯ ಶಾಸಕ ಎಂ.ಟಿ. ಕೃಷ್ಣಪ್ಪನವರು ಸದನದಲ್ಲಿ ಎದ್ದು ನಿಂತು, ಹೆಂಗಸರಿಗೆ ಎರಡು ಸಾವಿರ ಕೊಡುತ್ತೀರಲ್ಲ, ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಕೊಡಿ ಎಂದರು. ಗಂಡನ ಹೊಡೆತಕ್ಕೆ ಕೈ ಮುರಿದುಕೊಂಡ ಹೆಂಗಸಿಗೆ ಅವಳ ಪ್ರತಿನಿಧಿ ಕೊಟ್ಟ ಉತ್ತರ ಇದು.

ಇನ್ನು ಸಮಾಜದ ವಿಷಯ. ಸಮಾಜ ಕೈಕಟ್ಟಿ ಕೂತಿಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ, ಜನಜಾಗೃತಿ ವೇದಿಕೆಯವರು ಊರೂರಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ನಡೆಸುತ್ತಾ ಬಂದಿದ್ದಾರೆ, ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಒಟ್ಟಿಗೆ ಹಿಡಿದಿಟ್ಟಿದ್ದಾರೆ. ಆಲ್ಕೋಹಾಲಿಕ್ಸ್ ಅನಾನಿಮಸ್ ಗುಂಪುಗಳು ಚರ್ಚಿನ, ಶಾಲೆಯ ಕೋಣೆಗಳಲ್ಲಿ ಸದ್ದಿಲ್ಲದೆ ಸೇರುತ್ತವೆ. ಇಂಥದೊಂದು ಶಿಬಿರದ ಎರಡನೆಯ ದಿನ ನಾನು ಅಲ್ಲಿದ್ದೆ. ಕಲ್ಯಾಣ ಮಂಟಪದ ಜಮಖಾನದ ಮೇಲೆ ಕೂತವನೊಬ್ಬನಿಗೆ ಕಾಫಿ ಲೋಟ ಬಾಯಿಯವರೆಗೆ ಎತ್ತಲು ಆಗುತ್ತಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದರೂ ಅರ್ಧ ಪಂಚೆಯ ಮೇಲೆ ಚೆಲ್ಲಿತು. ಪಕ್ಕದವನು, ಹಿಂದಿನ ವರ್ಷ ಇದೇ ಶಿಬಿರದಲ್ಲಿ ಬಿಟ್ಟವನು, ಮಾತಾಡದೆ ಲೋಟ ಹಿಡಿದು ಕುಡಿಸಿದ.

ಆ ನಡುಕ ಮನಸ್ಸಿನ ದೌರ್ಬಲ್ಯವಲ್ಲ. ವರ್ಷಗಟ್ಟಲೆ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಣ್ಣಿಗೆ ಕಾಣಬಹುದು, ಪ್ರಾಣವೇ ಹೋಗಬಹುದು. ಅದಕ್ಕೆ ಔಷಧಿ ಇದೆ, ಥಯಾಮಿನ್ ಇದೆ, ನಾಲ್ಕಾರು ದಿನ ನೋಡಿಕೊಳ್ಳುವ ವೈದ್ಯರು, ನರ್ಸುಗಳು ಬೇಕು. ಸಿಗುತ್ತಾರೆಯೇ? ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆ ಹೇಳುವುದು ಇದು: ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ, ನೆರವು ಸಿಕ್ಕಿದೆ. ಒಳರೋಗಿಯಾಗಿ ದಾಖಲಾಗುವುದು 180ರಲ್ಲಿ ಒಬ್ಬರು. ನಿಮ್ಹಾನ್ಸ್‌ನಂಥ ಸಂಸ್ಥೆ ಇರುವ, ಬಳ್ಳಾರಿಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಯ ಮಾದರಿಯನ್ನೇ ದೇಶಕ್ಕೆ ಕೊಟ್ಟ ರಾಜ್ಯ ಈ ಲೆಕ್ಕ ಕೇಳಿ ತಲೆ ತಗ್ಗಿಸಬೇಕು. 40,000 ಕೋಟಿ ಎತ್ತುವವರಿಗೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಹತ್ತು ಹಾಸಿಗೆ ಹಾಕಲು ಕೈ ಬರುವುದಿಲ್ಲ. ಆ ಕೆಲಸ ಮಠಕ್ಕಿರಲಿ, ಸಂಘಕ್ಕಿರಲಿ, ಹೆಂಡತಿಗಿರಲಿ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುತ್ತಾರೆ ಎನ್ನೋಣವೆಂದರೆ, ಇವರು ತೊಟ್ಟಿಲು ತೂಗುವುದನ್ನೂ ಬೇರೆಯವರಿಗೆ ವಹಿಸಿದ್ದಾರೆ.

ಎಂಟು ದಿನ ಕಷ್ಟಪಟ್ಟು ಬಿಟ್ಟವನು ಒಂಬತ್ತನೆಯ ದಿನ ಮನೆಗೆ ಹೋಗುವ ದಾರಿಯಲ್ಲಿ ಆ ಕಿರಾಣಿ ಅಂಗಡಿ ಇದೆ. ಅವನ ಹಳೇ ಬಾಕಿ ಇನ್ನೂ ಖಾತೆಯಲ್ಲಿದೆ. ಅವನು ಮತ್ತೆ ಬಿದ್ದರೆ ನಾವು ಅವನನ್ನೇ ಬೈಯುತ್ತೇವೆ.

ಪತ್ರಿಕೆ, ಟಿವಿಯವರ ಮೇಲೂ ನನಗೆ ಸಿಟ್ಟಿದೆ. 2020ರಲ್ಲಿ ಸ್ಯಾಂಡಲ್‌ವುಡ್ ಡ್ರಗ್ಸ್ ಪ್ರಕರಣವೆಂದು ವಾರಗಟ್ಟಲೆ ಇಬ್ಬರು ನಟಿಯರ ಮುಖ ತೋರಿಸಿದಿರಿ. ಅದೇ ವರ್ಷದ ಮೇ 4ರಂದು, ಲಾಕ್‌ಡೌನ್ ಪೂರ್ತಿ ಸಡಿಲವಾಗುವ ಮೊದಲೇ, ಮದ್ಯದಂಗಡಿ ತೆರೆದಾಗ ಆ ಸಾಲುಗಳನ್ನು ಜಾತ್ರೆಯಂತೆ ತೋರಿಸಿ ನಕ್ಕಿರಿ. ನಲವತ್ತು ದಿನ ಹೊಡೆತವಿಲ್ಲದೆ ಮಲಗಿದ್ದ ಹೆಂಗಸರ ಮನೆಗೆ ಒಂದು ಕ್ಯಾಮೆರಾ ಹೋಗಲಿಲ್ಲ. ಬಡವನ ಕುಡಿತ ನಿಮಗೆ ತಮಾಷೆ, ಸಿರಿವಂತರ ಮಕ್ಕಳ ನಶೆ ಮಾತ್ರ ಸುದ್ದಿ.

ಬಿಹಾರ ನೋಡಿ, ನಿಷೇಧ ಮಾಡಿ ಏನಾಯಿತು ಎಂದು ಕೇಳುವವರಿದ್ದಾರೆ. ಬಿಹಾರದ ಮಾತು ಬಿಡಿ, ಪಕ್ಕದ ಮಹಾರಾಷ್ಟ್ರ ನೋಡಿ. ಅಲ್ಲಿ ಊರಿನ ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗುಪ್ತ ಮತದಾನದಲ್ಲಿ ಬೇಡವೆಂದರೆ ಲೈಸೆನ್ಸ್ ಇರುವ ಅಂಗಡಿಯೂ ಮುಚ್ಚಬೇಕು. ಮತಪತ್ರದಲ್ಲಿ ಎರಡು ಚಿತ್ರ, ನಿಂತ ಬಾಟಲಿ, ಅಡ್ಡ ಮಲಗಿದ ಬಾಟಲಿ. ಓದು ಬಾರದವರೂ ಮುದ್ರೆ ಒತ್ತಬಹುದು. ನಮ್ಮಲ್ಲಿ ಗ್ರಾಮಸಭೆಯ ಹೆಂಗಸರು ಅಂಗಡಿ ಬೇಡವೆಂದು ಠರಾವು ಮಾಡಿದರೆ ಅದು ತಹಸೀಲ್ದಾರರ ಕಚೇರಿಯ ಕಡತದಲ್ಲಿ ಮಲಗುತ್ತದೆ. ದೇವದುರ್ಗದ, ಮಾನ್ವಿಯ ಹೆಂಗಸರ ಕೈಗೆ ಆ ಮತಪತ್ರವನ್ನು ಕೊಡಿ. ಅವರು ಯಾವ ಚಿತ್ರದ ಮೇಲೆ ಮುದ್ರೆ ಒತ್ತುತ್ತಾರೆ ಎಂಬುದು ವಿಧಾನಸೌಧಕ್ಕೆ ಚೆನ್ನಾಗಿ ಗೊತ್ತಿದೆ, ಕೊಡದಿರುವುದೂ ಅದಕ್ಕೇ.