ಅಢಾವೆ ಪತ್ರಿಕೆಯಲ್ಲಿ ಕಾಣದ ಆಸ್ತಿ

ಪುಸ್ತಕ ಪ್ರಕಾಶನವೂ ಒಂದು ವ್ಯಾಪಾರವೆಂಬುದನ್ನು ಉತ್ತರ ಕರ್ನಾಟಕದ ವಾಣಿಜ್ಯ ವಲಯವು ಇಂದಿಗೂ ಪೂರ್ಣ ಮನಸ್ಸಿನಿಂದ ಒಪ್ಪಿಕೊಂಡಿಲ್ಲ. ದುಂಡಸಿಯ ವರ್ತಕನಿಗಾಗಲಿ, ಶಿಗ್ಗಾಂವಿ-ಹಾನಗಲ್ಲಿನ ದಲಾಲಿಗಾಗಲಿ ಆಸ್ತಿ ಎಂದರೆ ಗೋದಾಮಿನಲ್ಲಿ ಕಾಣುವ ಗೋವಿನಜೋಳ, ಹತ್ತಿ, ಮೆಣಸಿನಕಾಯಿ. ಇಲ್ಲವೇ ಉತಾರದಲ್ಲಿ ಹೆಸರಿರುವ ಜಮೀನು. ಮುದ್ರಣ ಯಂತ್ರವನ್ನು ಅಡವಿಟ್ಟುಕೊಂಡು ಸಾಲ ನೀಡುವ ಬ್ಯಾಂಕು, ಆ ಯಂತ್ರ ಮುದ್ರಿಸಿದ ಪುಸ್ತಕದ ಹಕ್ಕನ್ನು ಕಣ್ಣೆತ್ತಿಯೂ ನೋಡದು. ಈ ದೃಷ್ಟಿ ಎಷ್ಟು ದುಬಾರಿಯಾದುದೆಂಬುದಕ್ಕೆ, ಅಮೆರಿಕದ ಒಂದು ಸಣ್ಣ ಚಿತ್ರಕಥಾ ಪ್ರಕಾಶನದಿಂದ ಹೊರಟು, ಬೆಂಗಳೂರಿನ ಮೂಲಕ ಹಾಯ್ದು, ಮುಂಬಯಿಯಲ್ಲಿ ನೆಲೆ ನಿಂತ ಒಂದು ವ್ಯವಹಾರದ ಇತಿಹಾಸವೇ ಸಾಕ್ಷಿ.

ನ್ಯೂಯಾರ್ಕಿನ ಗಿಲ್ಬರ್ಟನ್ ಕಂಪನಿಯ ಹೆಸರು ಇಲ್ಲಿನ ಓದುಗರಿಗೆ ಅಪರಿಚಿತ. ರಷ್ಯಾದಿಂದ ವಲಸೆ ಹೋದ ಆಲ್ಬರ್ಟ್ ಕ್ಯಾಂಟರ್ ಎಂಬವರು 1941ರ ಅಕ್ಟೋಬರಿನಲ್ಲಿ, ಎಲಿಯಟ್ ಪಬ್ಲಿಷಿಂಗ್ ಸಂಸ್ಥೆಯಲ್ಲಿದ್ದುಕೊಂಡೇ, ಪ್ರಸಿದ್ಧ ಕಾದಂಬರಿಗಳನ್ನು ಚಿತ್ರಕಥೆಯ ರೂಪಕ್ಕಿಳಿಸುವ ಮಾಲೆಯೊಂದನ್ನು ‘ದಿ ತ್ರೀ ಮಸ್ಕಿಟಿಯರ್ಸ್’ ಮೂಲಕ ಆರಂಭಿಸಿದರು. ಮರುವರ್ಷ ಮಾಲೆಯು ಅವರದೇ ಗಿಲ್ಬರ್ಟನ್ ಕಂಪನಿಗೆ ಬಂದಿತು. 1947ರಲ್ಲಿ ‘ಕ್ಲಾಸಿಕ್ಸ್ ಇಲಸ್ಟ್ರೇಟೆಡ್’ ಎಂಬ ಹೆಸರು ಪಡೆಯಿತು. ಅಂದಿನ ಇತರ ಚಿತ್ರಕಥಾ ಪ್ರಕಾಶಕರ ವ್ಯಾಪಾರ ಹಾಲಿನ ವ್ಯಾಪಾರದಂತಿತ್ತು. ಆ ತಿಂಗಳ ಸಂಚಿಕೆ ಆ ತಿಂಗಳೇ ಮಾರಾಟವಾಗಬೇಕು. ಉಳಿದದ್ದು ವಾಪಸು ಬಂದು ರದ್ದಿಯಾಗುವುದು. ಕ್ಯಾಂಟರ್ ಈ ಪದ್ಧತಿಯನ್ನು ಮುರಿದರು. ಪ್ರತಿ ಪುಸ್ತಕಕ್ಕೂ ಶಾಶ್ವತ ಸಂಖ್ಯೆ ನೀಡಿ, ಹಳೆಯ ಶೀರ್ಷಿಕೆಗಳ ಪಟ್ಟಿಯನ್ನು ಹೊಸ ಪುಸ್ತಕದಲ್ಲಿ ಅಚ್ಚು ಹಾಕಿ, ಬೇಕಾದವರು ಸಂಖ್ಯೆ ನಮೂದಿಸಿ ತರಿಸಿಕೊಳ್ಳುವ ವ್ಯವಸ್ಥೆ ಮಾಡಿದರು. ಕೆಲವು ಶೀರ್ಷಿಕೆಗಳು 20ಕ್ಕೂ ಹೆಚ್ಚು ಬಾರಿ ಮರುಮುದ್ರಣಗೊಂಡವು. ಆ ಪಟ್ಟಿಯಲ್ಲಿರುವ ಅತಿ ದೊಡ್ಡ ಸಂಖ್ಯೆಯನ್ನು ನೋಡಿಯೇ ಇಂದಿನ ಸಂಗ್ರಾಹಕರು ಪ್ರತಿಯೊಂದು ಯಾವ ಮುದ್ರಣದ್ದೆಂದು ಗುರುತಿಸುತ್ತಾರೆ. ಚಿತ್ರಕಾರನಿಗೆ ಒಮ್ಮೆ ಕೊಟ್ಟ ಹಣ ಒಂದೇ ಸಲದ ಖರ್ಚು. ಎರಡನೆಯ ಮುದ್ರಣದಿಂದ ಮುಂದೆ ಕಾಗದ, ಮಸಿ, ಸಾಗಾಟ ಮಾತ್ರ. ಲೆಕ್ಕ ಬಲ್ಲವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ಇದೇ ಕಂಪನಿಯು 1953ರಲ್ಲಿ ಸಣ್ಣ ಮಕ್ಕಳಿಗಾಗಿ ‘ಕ್ಲಾಸಿಕ್ಸ್ ಇಲಸ್ಟ್ರೇಟೆಡ್ ಜೂನಿಯರ್’ ಎಂಬ ಉಪಮಾಲೆಯನ್ನು ಹೊರಡಿಸಿತು. 501ರಿಂದ 577ರವರೆಗಿನ ಸಂಖ್ಯೆಗಳಲ್ಲಿ ಸ್ನೋ ವೈಟ್, ಸಿಂಡರೆಲ್ಲಾ, ಅಲ್ಲಾದೀನ್ ಮೊದಲಾದ ಕಥೆಗಳು ಬಂದವು. ಆದರೆ 1962ರಲ್ಲಿ ಮುಖ್ಯ ಮಾಲೆಯ ನಿಯತ ಪ್ರಕಟಣೆ ನಿಂತಿತು. ದೂರದರ್ಶನದ ಹರಡುವಿಕೆ, ಅಗ್ಗದ ಪೇಪರ್‌ಬ್ಯಾಕ್‌ಗಳು, ವಿದ್ಯಾರ್ಥಿಗಳಿಗಾಗಿ ಬಂದ ಸಾರಾಂಶದ ಗೈಡುಗಳು ಇದಕ್ಕೆ ಕಾರಣವೆನ್ನುತ್ತಾರೆ. ಇವುಗಳ ಜೊತೆಗೆ ಅಂಚೆ ಇಲಾಖೆಯ ಎರಡನೆಯ ದರ್ಜೆಯ ರಿಯಾಯಿತಿ ಪರವಾನಗಿ ತಪ್ಪಿಹೋದದ್ದೂ ಒಂದು ಕಾರಣ. 1967ರಲ್ಲಿ ಕ್ಯಾಂಟರ್ ಕಂಪನಿಯನ್ನು ಪ್ಯಾಟ್ರಿಕ್ ಫ್ರಾಲಿ ಎಂಬ ಉದ್ಯಮಿಗೆ ಮಾರಿದರು. ಹೊಸ ಪುಸ್ತಕಗಳು ನಿಂತ ಮೇಲೂ ಕೊಳ್ಳುವವರಿದ್ದರೆಂಬುದು ಗಮನಾರ್ಹ. ಅವರು ಕೊಂಡದ್ದು ಯಂತ್ರವನ್ನಲ್ಲ, ಪಟ್ಟಿಯನ್ನು. ಬಳಿಕವೂ ಆ ಹೆಸರು ಮತ್ತು ಹಕ್ಕು ಕೈಯಿಂದ ಕೈಗೆ ಸಾಗಿ, 1990ರಲ್ಲಿ ಒಬ್ಬರು, 1997ರಲ್ಲಿ ಮತ್ತೊಬ್ಬರು ಅದರಲ್ಲಿ ಪುಸ್ತಕ ತಂದರು.

ಇನ್ನು ಬೆಂಗಳೂರಿನ ಅಧ್ಯಾಯ. ಪುಸ್ತಕ ವ್ಯಾಪಾರಿ ಜಿ. ಕೆ. ಅನಂತರಾಮ್ ಅವರು ಪತ್ರಿಕೆಯೊಂದಕ್ಕೆ ತಿಳಿಸಿದಂತೆ, ‘ಅಮರ ಚಿತ್ರ ಕಥೆ’ಯ ಮೊದಲ ಪುಸ್ತಕಗಳು 1965ರಲ್ಲಿ ಹೊರಬಂದದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಮಾಲೆಯ 1ರಿಂದ 10ರವರೆಗಿನ ಸಂಖ್ಯೆಗಳಲ್ಲಿ ಕೃಷ್ಣನೂ ಇಲ್ಲ, ರಾಮನೂ ಇಲ್ಲ. ಇರುವುದು ಸಿಂಡರೆಲ್ಲಾ, ಸ್ನೋ ವೈಟ್, ಪಿನೋಕಿಯೋ, ಮ್ಯಾಜಿಕ್ ಫೌಂಟನ್. ಅಂದರೆ ಗಿಲ್ಬರ್ಟನ್‌ನ ಜೂನಿಯರ್ ಮಾಲೆಯ ಕಥೆಗಳೇ. ಈ ಕನ್ನಡ ಪ್ರಯೋಗಕ್ಕೆ ದೊರೆತ ಮಾರಾಟವನ್ನು ಕಂಡು ಇಂಡಿಯಾ ಬುಕ್ ಹೌಸ್‌ನ ಮುಂಬಯಿಯ ಪ್ರಧಾನ ಕಚೇರಿಯು ಇಂಗ್ಲಿಷ್ ಮಾಲೆಗೆ ಮನಸ್ಸು ಮಾಡಿತೆಂದು ಅನಂತರಾಮ್ ಹೇಳುತ್ತಾರೆ. ಇಂಗ್ಲಿಷ್ ಮಾಲೆ 11ನೆಯ ಸಂಖ್ಯೆಯ ‘ಕೃಷ್ಣ’ನಿಂದ ಆರಂಭವಾಗಲು ಇದೇ ಕಾರಣ.

ಜನಜನಿತವಾದ ಕಥೆ ಬೇರೆ. ಕಾರ್ಕಳದಲ್ಲಿ 1929ರಲ್ಲಿ ಜನಿಸಿದ ಅನಂತ ಪೈ ಅವರು, 1967ರಲ್ಲಿ ದೆಹಲಿಯ ದೂರದರ್ಶನದಲ್ಲಿ ನಡೆದ ರಸಪ್ರಶ್ನೆಯಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ಮಕ್ಕಳು ರಾಮನ ತಾಯಿಯ ಹೆಸರು ಹೇಳಲಾರದೆ ಹೋದದ್ದನ್ನು ಕಂಡು ಮಾಲೆಯನ್ನು ಕಲ್ಪಿಸಿದರೆಂಬುದು ಅದು. ಈ ಎರಡು ಕಥೆಗಳಲ್ಲಿ ಯಾವುದು ಸತ್ಯವೆಂಬ ವಾದ ವ್ಯರ್ಥ, ಎರಡಕ್ಕೂ ಎಡೆಯಿದೆ. ಪೈ ಅವರ ಸಂಪಾದಕತ್ವವಿಲ್ಲದೆ, ರಾಮ್ ವಾಯಿರ್ಕರ್ ಅಂತಹ ಚಿತ್ರಕಾರರಿಲ್ಲದೆ ಆ ಮಾಲೆ ಮನೆಮಾತಾಗುತ್ತಿರಲಿಲ್ಲ. ವಾಣಿಜ್ಯದ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಮಾರುಕಟ್ಟೆಯ ಪರೀಕ್ಷೆ ಕನ್ನಡದಲ್ಲಿ ನಡೆಯಿತು, ಕೊಂಡವರು ಕನ್ನಡದ ತಂದೆತಾಯಂದಿರು, ಮುಂದೆ ಮಾಲೆಯನ್ನು ಕಟ್ಟಿದ ಸಂಪಾದಕರೂ ಕರ್ನಾಟಕದವರೇ. ಹೀಗಿದ್ದೂ ಹಕ್ಕು ಎಲ್ಲಿ ಉಳಿಯಿತು? ಆ ಮೊದಲ 10 ಪುಸ್ತಕಗಳ ಚಿತ್ರ ನ್ಯೂಯಾರ್ಕಿನದು, ಬ್ರ್ಯಾಂಡ್ ಮುಂಬಯಿಯದು. ಕರ್ನಾಟಕಕ್ಕೆ ಉಳಿದದ್ದು ಮಾರಾಟದ ಕಮಿಷನ್ ಮತ್ತು ನೆನಪು.

ಮುಂದಿನ ಲೆಕ್ಕವನ್ನು ನೋಡಿದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. 400ಕ್ಕೂ ಅಧಿಕ ಶೀರ್ಷಿಕೆಗಳನ್ನು ತಂದ ಬಳಿಕ 1991ರಲ್ಲಿ ಅಮರ ಚಿತ್ರ ಕಥೆಯ ಹೊಸ ಪ್ರಕಟಣೆ ಸ್ಥಗಿತಗೊಂಡಿತು. ಆದರೂ ಮರುಮುದ್ರಣದ ಬಲದಿಂದಲೇ ವ್ಯಾಪಾರ ಜೀವ ಹಿಡಿದುಕೊಂಡಿತು. 2007ರಲ್ಲಿ ಎಸಿಕೆ ಮೀಡಿಯಾ ಎಂಬ ಹೊಸ ಕಂಪನಿ ಅದನ್ನು ಕೊಂಡಿತು. ಅದೇ 2007ರಲ್ಲಿ ಮದರಾಸಿನ ‘ಚಂದಮಾಮ’ವನ್ನು, 1949ರಿಂದ ಕನ್ನಡದ ಮಕ್ಕಳೂ ಓದುತ್ತ ಬಂದಿದ್ದ ಪತ್ರಿಕೆಯನ್ನು, ಜಿಯೋಡೆಸಿಕ್ ಎಂಬ ಸಾಫ್ಟ್‌ವೇರ್ ಕಂಪನಿ ಖರೀದಿಸಿತು. ಆ ಕಂಪನಿ ಸಂಕಟಕ್ಕೆ ಸಿಲುಕಿದಾಗ ಪತ್ರಿಕೆಯೂ ನಿಂತುಹೋಯಿತು. ಯಜಮಾನನ ಬೇರೆ ವ್ಯವಹಾರ ಮುಳುಗಿದರೆ ಮಕ್ಕಳ ಪುಸ್ತಕವೂ ಮುಳುಗುತ್ತದೆಯೆಂಬುದನ್ನು ಕನ್ನಡಿಗರು ಹೀಗೆ ದೂರದಿಂದ ನೋಡಬೇಕಾಯಿತು.

ಇದಕ್ಕೆ ಪ್ರತಿಯಾಗಿ, ಎಲ್. ಎಸ್. ಶೇಷಗಿರಿ ರಾವ್ ಅವರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ಸಾಹಿತ್ಯವು ಹೊರತಂದ ‘ಭಾರತ-ಭಾರತಿ’ ಮಾಲೆಯ 510 ಕಿರುಪುಸ್ತಕಗಳನ್ನು ನೋಡಬಹುದು. ಅವು ಚಿತ್ರಕಥೆಗಳಲ್ಲ, ಆದರೆ ಶೀರ್ಷಿಕೆಗಳು ಕನ್ನಡದ ಸಂಸ್ಥೆಯ ಕೈಯಲ್ಲಿಯೇ ಉಳಿದವು, ಅಂತೆಯೇ ಮತ್ತೆ ಮತ್ತೆ ಅಚ್ಚಾಗುತ್ತ ಬಂದವು.

ಇಂತಹ ಆಸ್ತಿ ವರ್ತಕರ ಕಣ್ಣಿಗೆ ಬೀಳದಿರಲು ಲೆಕ್ಕಶಾಸ್ತ್ರವೂ ಭಾಗಶಃ ಹೊಣೆ. ಅಮೂರ್ತ ಆಸ್ತಿಗಳಿಗೆ ಸಂಬಂಧಿಸಿದ ಲೆಕ್ಕಪತ್ರ ಮಾನದಂಡ 26ರ ಪ್ರಕಾರ, ಸಂಸ್ಥೆಯು ತಾನೇ ಬೆಳೆಸಿಕೊಂಡ ಬ್ರ್ಯಾಂಡು, ಪತ್ರಿಕೆಯ ಹೆಸರು, ಪ್ರಕಾಶನ ಶೀರ್ಷಿಕೆ ಇವುಗಳನ್ನು ಆಸ್ತಿಯೆಂದು ಅಢಾವೆ ಪತ್ರಿಕೆಯಲ್ಲಿ ತೋರಿಸುವಂತಿಲ್ಲ. ಅದೇ ಶೀರ್ಷಿಕೆಯನ್ನು ಹಣ ಕೊಟ್ಟು ಕೊಂಡವನು ತೋರಿಸಬಹುದು. ಹೀಗಾಗಿ 20 ವರ್ಷ ಮಾರಾಟವಾಗುವ ಪುಸ್ತಕವನ್ನು ನಿರ್ಮಿಸಿದವನ ಲೆಕ್ಕದಲ್ಲಿ ಚಿತ್ರಕಾರನ ಸಂಭಾವನೆ ಮೊದಲ ವರ್ಷದ ಖರ್ಚಾಗಿ ಕರಗಿ ನಷ್ಟವೇ ಕಾಣುತ್ತದೆ. ಕೊಂಡವನ ಲೆಕ್ಕದಲ್ಲಿ ಆಸ್ತಿ ಮೆರೆಯುತ್ತದೆ. ಮಾನದಂಡದ ಎಚ್ಚರಿಕೆ ಸಕಾರಣವಾದುದೇ, ತನ್ನ ಮಾಲಿಗೆ ತಾನೇ ಬೆಲೆ ಕಟ್ಟಲು ಬಿಟ್ಟರೆ ಅದಕ್ಕೆ ಮಿತಿಯಿರದು. ಆದರೆ ಅಢಾವೆ ಪತ್ರಿಕೆಯಲ್ಲಿ ಇಲ್ಲದ್ದು ಜಗತ್ತಿನಲ್ಲಿಯೇ ಇಲ್ಲವೆಂದು ಬ್ಯಾಂಕಿನವರೂ ಸ್ವತಃ ಮಾಲಿಕರೂ ಭಾವಿಸಬಾರದು.

ಗದಗ, ಹುಬ್ಬಳ್ಳಿ, ಹಾವೇರಿಗಳ ಮುದ್ರಣಾಲಯಗಳ ಪಾಲಿಗೆ ಇದು ದೂರದ ಸಂಗತಿಯಲ್ಲ. ಮದುವೆಯ ಲಗ್ನಪತ್ರಿಕೆ, ಪಾವತಿ ಪುಸ್ತಕ, ಕ್ಯಾಲೆಂಡರ್, ಇತರರ ಪುಸ್ತಕಗಳ ಜಾಬ್ ವರ್ಕ್ ಇವು ಕೂಲಿ ತರುತ್ತವೆ. ಯಂತ್ರ ನಿಂತ ದಿನ ಕೂಲಿಯೂ ನಿಲ್ಲುತ್ತದೆ. ಸ್ವಂತ ಶೀರ್ಷಿಕೆ ಬಾಡಿಗೆ ತರುವ ಮನೆಯಿದ್ದಂತೆ. ಸರಕಿಗಾಗಿ ದೂರ ಹೋಗಬೇಕಾಗಿಯೂ ಇಲ್ಲ. ಕನಕದಾಸರ ಬಾಡ, ಶರೀಫ ಶಿವಯೋಗಿಗಳ ಶಿಶುನಾಳ, ಎರಡೂ ದುಂಡಸಿಯಿರುವ ಶಿಗ್ಗಾಂವಿ ತಾಲ್ಲೂಕಿನಲ್ಲಿಯೇ ಇವೆ. 1889ರಲ್ಲಿ ಕಾಲವಾದ ಶರೀಫರ ಪದಗಳಿಗೆ ಈಗ ಯಾರ ಹಕ್ಕೂ ಇಲ್ಲ. ಲೇಖಕನ ಮರಣಾನಂತರ 60 ವರ್ಷಗಳಿಗೆ ಕೃತಿಸ್ವಾಮ್ಯ ಮುಗಿಯುತ್ತದೆ. ಆದರೆ ಇತ್ತೀಚಿನ ಸಂಪಾದಕರ ಟಿಪ್ಪಣಿ-ಮುನ್ನುಡಿಗಳನ್ನು ಅನುಮತಿಯಿಲ್ಲದೆ ಎತ್ತಿಕೊಳ್ಳುವಂತಿಲ್ಲ. ಹೊಸದಾಗಿ ಬರೆಸಿದ ಚಿತ್ರ, ಹೊಸದಾಗಿ ಬರೆಸಿದ ಕಥನ ಮಾತ್ರ ಪ್ರಕಾಶಕನ ಸ್ವಂತದ್ದಾಗಬಲ್ಲದು, ಅದೂ ಬರವಣಿಗೆಯಲ್ಲಿ ಕರಾರಾದರೆ.

ಈ ಕರಾರಿನ ವಿಷಯದಲ್ಲಿ ತೋರುವ ಔದಾಸೀನ್ಯವೇ ದೊಡ್ಡ ಅಪಾಯ. ಚಿತ್ರಕಾರ ಪರಿಚಯದವನು, ಲೇಖಕ ಮೇಷ್ಟ್ರು, ಮಾತಿನಲ್ಲಿಯೇ ಒಪ್ಪಂದ, ಚಹದ ಅಂಗಡಿಯಲ್ಲಿ ಸಂದಾಯ. ಕೃತಿಸ್ವಾಮ್ಯ ಅಧಿನಿಯಮ 1957ರ 19ನೆಯ ಕಲಮಿನಂತೆ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿದ್ದು ಸಹಿಯಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷವೆಂದೇ ಪರಿಗಣಿತ. ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತ. ಅಮೆರಿಕದಲ್ಲಿ, ಗಲ್ಫ್ ದೇಶಗಳಲ್ಲಿ ಕನ್ನಡ ಕುಟುಂಬಗಳಿರುವ ಈ ಕಾಲದಲ್ಲಿ ಆ ಒಂದು ಸಾಲನ್ನು ಬಿಟ್ಟರೆ ಒಂದು ಮಾರುಕಟ್ಟೆಯನ್ನೇ ಬಿಟ್ಟಂತೆ. ಕಲಾವಿದನಿಗೂ ನ್ಯಾಯ ಸಿಗಬೇಕಾದರೆ ಮರುಮುದ್ರಣದ ಮೇಲೆ ಸಣ್ಣದಾದರೂ ಗೌರವಧನವನ್ನು ಅದೇ ಪತ್ರದಲ್ಲಿ ಬರೆಯುವುದು ಒಳಿತು. ವಾಣಿಜ್ಯ ಸಂಸ್ಥೆಗಳು ಸದಸ್ಯರಿಗಾಗಿ ಕನ್ನಡದಲ್ಲಿ ಇಂತಹ ಕರಾರಿನ ಮಾದರಿಯೊಂದನ್ನು ಸಿದ್ಧಪಡಿಸಿ ಕೊಡುವುದು ಕಷ್ಟದ ಕೆಲಸವೇನಲ್ಲ.

ತೆರಿಗೆ ಮತ್ತು ಅಂಚೆಯ ಲೆಕ್ಕವನ್ನೂ ಮೊದಲೇ ಹಾಕಬೇಕು. ಮುದ್ರಿತ ಪುಸ್ತಕಕ್ಕೂ ಮಕ್ಕಳ ಚಿತ್ರಪುಸ್ತಕಕ್ಕೂ ಜಿಎಸ್‌ಟಿ ಇಲ್ಲವೆಂದು ಹಿಗ್ಗುವವರು, ಅದೇ ಕಾರಣಕ್ಕೆ ಕಾಗದದ ಮೇಲೆ ತೆತ್ತ ತೆರಿಗೆ ಮರಳಿ ಬಾರದೆಂಬುದನ್ನು ಮರೆಯುತ್ತಾರೆ. ಅದನ್ನು ಬೆಲೆಯಲ್ಲಿಯೇ ಸೇರಿಸಬೇಕು. ಅಂಚೆ ಇಲಾಖೆಯು 2024ರ ಡಿಸೆಂಬರಿನಲ್ಲಿ ನೋಂದಾಯಿತ ಪುಸ್ತಕ ಅಂಚೆಯ ರಿಯಾಯಿತಿಯನ್ನು ನಿಲ್ಲಿಸಿದಾಗ ಸಣ್ಣ ಪ್ರಕಾಶಕರು ತತ್ತರಿಸಿದರು. 2025ರ ಮೇ 1ರಿಂದ ‘ಜ್ಞಾನ್ ಪೋಸ್ಟ್’ ಬಂದಿದ್ದು, 300 ಗ್ರಾಮಿಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ ಎಂಬ ದರ ಗೊತ್ತುಪಡಿಸಲಾಯಿತು. ಅದರಲ್ಲಿ ಷರತ್ತೊಂದಿದೆ: ನಿಯತಕಾಲಿಕವಾಗಿ ಪ್ರಕಟವಾಗುವ ಹಾಗೂ ಜಾಹೀರಾತು ಹೊತ್ತ ಪ್ರಕಟಣೆಗಳಿಗೆ ಈ ದರ ಅನ್ವಯಿಸದು, ಆದರೆ ಪುಸ್ತಕಗಳ ಪಟ್ಟಿಗೆ ಅಡ್ಡಿಯಿಲ್ಲ. ಆದ್ದರಿಂದ ಚಿತ್ರಕಥೆಯನ್ನು ತಿಂಗಳ ಸಂಚಿಕೆಯೆಂದು ಹೊರಡಿಸಿ ಹಿಂಬದಿಯಲ್ಲಿ ಬಟ್ಟೆ ಅಂಗಡಿಯ ಜಾಹೀರಾತು ಹಾಕುವವನು ರಿಯಾಯಿತಿಯನ್ನು ಕಳೆದುಕೊಳ್ಳುತ್ತಾನೆ. ಪ್ರತಿ ಶೀರ್ಷಿಕೆಯನ್ನೂ ಸ್ವತಂತ್ರ ಪುಸ್ತಕವಾಗಿಸಿ, ಆ ಜಾಗದಲ್ಲಿ ತನ್ನ ಹಳೆಯ ಶೀರ್ಷಿಕೆಗಳ ಸಂಖ್ಯೆ ಸಹಿತ ಪಟ್ಟಿಯನ್ನು ಅಚ್ಚು ಹಾಕಿದವನ ಕಟ್ಟು ದುಂಡಸಿಯ ಅಂಚೆ ಕಚೇರಿಗೂ 20 ರೂಪಾಯಿಗೆ ತಲುಪುತ್ತದೆ.