ಹತ್ತು ತಲೆ ತುಂಬಿದರೆ ಮಾತ್ರ ಕಾಯಿಲೆಯೇ?

ಗಿರಣಿಯಲ್ಲಿ ದುಡಿಯುವವನಿಗೂ ಕಾಯಿಲೆ ಬರುತ್ತದೆ. ಆರು ಜನರಿರುವ ಬಟ್ಟೆ ಅಂಗಡಿಯಲ್ಲಿ ದುಡಿಯುವವನಿಗೂ ಕಾಯಿಲೆ ಬರುತ್ತದೆ. ಆದರೆ ನಮ್ಮ ಕಾಯಿದೆ ಮೊದಲನೆಯವನಿಗೆ ಆಸ್ಪತ್ರೆಯ ದಾರಿ ತೋರಿಸಿ, ಎರಡನೆಯವನ ಅಂಗಡಿಯ ಮುಂದೆ ತಲೆ ಎಣಿಸಲು ಕೂಡುತ್ತದೆ. ಹತ್ತು ತಲೆಯಿದ್ದರೆ ಇ.ಎಸ್.ಐ., ಒಂಬತ್ತಾದರೆ ದೇವರೇ ಗತಿ. ಇದು ಯಾವ ನ್ಯಾಯ?

1948ರ ಇ.ಎಸ್.ಐ. ಕಾಯಿದೆ ದುಡಿಯುವ ಜನ ಪಡೆದ ದೊಡ್ಡ ಹಕ್ಕುಗಳಲ್ಲಿ ಒಂದು. 1952ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದಿಲ್ಲಿಯಲ್ಲಿ ಅದರ ಯೋಜನೆ ಜಾರಿಗೆ ಬಂದಿತು. ಅದರ ತತ್ತ್ವ ಸರಳ: ಕೊಡುವುದು ಸಂಬಳಕ್ಕೆ ತಕ್ಕಂತೆ, ಪಡೆಯುವುದು ಕಾಯಿಲೆಗೆ ತಕ್ಕಂತೆ. 2019ರ ಜುಲೈಯಲ್ಲಿ ನಿಗದಿಯಾದ ದರದಂತೆ ಸಂಬಳದ ಶೇಕಡಾ 3.25ನ್ನು ಮಾಲೀಕನೂ ಶೇಕಡಾ 0.75ನ್ನು ಕಾರ್ಮಿಕನೂ ಕೊಡಬೇಕು. 12,000 ರೂಪಾಯಿ ಸಂಬಳವಾದರೆ ಮಾಲೀಕನ ಪಾಲು 390, ಕಾರ್ಮಿಕನ ಪಾಲು 90. ವಯಸ್ಸೆಷ್ಟು, ಸಕ್ಕರೆ ಕಾಯಿಲೆ ಇದೆಯೇ, ಹೋದ ವರ್ಷ ಆಪರೇಷನ್ ಆಗಿತ್ತೇ ಎಂದು ನೋಡಿ ವಂತಿಗೆ ಏರಿಸುವ ಪದ್ಧತಿ ಅಲ್ಲಿಲ್ಲ. ಹೆಂಡತಿ ಮಕ್ಕಳಿಗೂ ಚಿಕಿತ್ಸೆ ಉಂಟು. ಮಲಗಿದ ದಿನಗಳಿಗೆ ವರ್ಷದಲ್ಲಿ 91 ದಿನಗಳವರೆಗೆ ಸಂಬಳದ ಶೇಕಡಾ 70 ಉಂಟು. ಅಲ್ಲಿ ಕುಂದುಕೊರತೆಗಳಿಲ್ಲವೆಂದು ನಾವು ಹೇಳುವುದಿಲ್ಲ. ಕುಂದನ್ನು ತಿದ್ದಬೇಕು, ತತ್ತ್ವವನ್ನು ಬಿಡಬಾರದು.

ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿಗೆ ಉಳಿಯುವ ದಾರಿ ವಿಮಾ ಕಂಪನಿಯ ಗುಂಪು ಪಾಲಿಸಿ. ಅಲ್ಲಿನ ಲೆಕ್ಕವನ್ನು ನೋಡಿರಿ. ಎರಡು ಸಾವಿರ ಜನರ ಗಿರಣಿಯಲ್ಲಿ ಒಬ್ಬನ ಹೃದಯದ ಆಪರೇಷನ್ನಿಗೆ ಎರಡು ಲಕ್ಷ ಖರ್ಚಾದರೆ ತಲೆಗೆ ಬೀಳುವುದು 100 ರೂಪಾಯಿ. ಆರು ಜನರ ಅಂಗಡಿಯಲ್ಲಿ ಅದೇ ಖರ್ಚು ತಲೆಗೆ 33,333 ರೂಪಾಯಿ. ಗುಂಪು ಪಾಲಿಸಿಯ ಬೆಲೆಯನ್ನು ವರ್ಷವರ್ಷವೂ ಆ ಗುಂಪಿನ ಕ್ಲೇಮು ನೋಡಿ ಕಟ್ಟಬಹುದು. ಒಬ್ಬನ ಎದೆನೋವು ಆರೂ ಜನರ ಕಿಸೆಗೆ ಕತ್ತರಿಯಾಗುತ್ತದೆ. ಮಾಲೀಕ ಪಾಲಿಸಿ ಬಿಡುತ್ತಾನೆ. ಇಲ್ಲವೇ ಕಾಯಿಲೆಯ ಮನುಷ್ಯನನ್ನೇ ಬಿಡಿಸುವ ಯೋಚನೆ ಮಾಡುತ್ತಾನೆ. ಕಾಯಿಲೆ ಬಿದ್ದವನನ್ನು ಜೊತೆಗಾರರ ಕಣ್ಣಿಗೆ ಹೊರೆಯಾಗಿಸುವ ಏರ್ಪಾಡಿಗೆ ವಿಮೆಯೆಂಬ ಹೆಸರೇ ಸಲ್ಲದು.

ಸರಕಾರದ ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ ಇದು ತಿಳಿಯದ ಸಂಗತಿಯಲ್ಲ. ಒಂಟಿಯಾಗಿ ಪಾಲಿಸಿ ಕೊಂಡವನು ಕ್ಲೇಮು ಮಾಡಿದನೆಂದು ಅವನೊಬ್ಬನ ಬೆಲೆ ಏರಿಸಕೂಡದೆಂದು ಅದೇ ನಿಯಮ ಮಾಡಿದೆ. ಅರವತ್ತು ದಾಟಿದವರ ಪಾಲಿಸಿಯ ಬೆಲೆಯನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಮೊದಲು ತನ್ನನ್ನು ಕೇಳಬೇಕೆಂದು 2025ರ ಜನವರಿಯಲ್ಲಿ ಆಜ್ಞೆ ಮಾಡಿತು. ಒಳ್ಳೆಯದೇ. ಆದರೆ ಆರು ಜನ ಕೂಡಿ ಒಂದು ಪಾಲಿಸಿ ಕೊಂಡ ಕೂಡಲೇ ಈ ರಕ್ಷಣೆ ಯಾಕೆ ಮಾಯವಾಗಬೇಕು? ತೆರಿಗೆಯ ಕಥೆಯೂ ಇದೇ. 2025ರ ಸೆಪ್ಟೆಂಬರ್ 22ರಿಂದ ಒಂಟಿ ಪಾಲಿಸಿಯ ಮೇಲಿನ ಶೇಕಡಾ 18 ಜಿ.ಎಸ್.ಟಿ.ಯನ್ನು ತೆಗೆದರು, ಗುಂಪು ಪಾಲಿಸಿಯ ಮೇಲಿನದನ್ನು ಹಾಗೆಯೇ ಉಳಿಸಿಕೊಂಡರು. ಒಗ್ಗಟ್ಟಾಗುವುದೇ ದಂಡ ತೆರಬೇಕಾದ ಅಪರಾಧವಾಯಿತೇ?

ಬಂಡವಾಳದ ತವರುಮನೆಯಾದ ಅಮೆರಿಕವೂ ಈ ಅನ್ಯಾಯಕ್ಕೆ ಮೂಗುದಾರ ಹಾಕಿತು. ಅಲ್ಲಿನ ನ್ಯೂಯಾರ್ಕ್ ರಾಜ್ಯ 1993ರಲ್ಲಿಯೇ ಸಣ್ಣ ಉದ್ಯಮಗಳ ಗುಂಪು ವಿಮೆಯಲ್ಲಿ ಆರೋಗ್ಯ ನೋಡಿ ಬೆಲೆ ಕಟ್ಟುವುದನ್ನು ನಿಷೇಧಿಸಿತು. 2010ರ ಕಾಯಿದೆಯಂತೆ 2014ರಿಂದ ಈ ನಿಷೇಧ ಇಡೀ ದೇಶಕ್ಕೆ ಬಂದಿತು. ಅಲ್ಲಿ ವಿಮೆ ಇಂದಿಗೂ ದುಬಾರಿಯೇ. ಆ ಮಾದರಿಯನ್ನು ನಾವು ಹೊಗಳುತ್ತಿಲ್ಲ. ಆದರೆ ಕಂಪನಿಗಳ ರಾಜ್ಯದಲ್ಲಿ ಸಾಧ್ಯವಾದ ಕಡಿವಾಣ ಸಮಾಜವಾದವನ್ನು ಸಂವಿಧಾನದ ಪೀಠಿಕೆಯಲ್ಲಿ ಬರೆದುಕೊಂಡ ನಮ್ಮಲ್ಲಿ ಯಾಕೆ ಅಸಾಧ್ಯ?

2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಬಾಗಿಲು ತೆರೆದಿದೆಯೆಂದು ಆಳುವವರು ಡಂಗುರ ಸಾರುತ್ತಾರೆ. ಹತ್ತಕ್ಕಿಂತ ಕಡಿಮೆ ಜನರಿದ್ದರೂ ಮಾಲೀಕನೂ ಹೆಚ್ಚಿನ ಕೆಲಸಗಾರರೂ ಒಪ್ಪಿದರೆ ಇ.ಎಸ್.ಐ.ಗೆ ಸೇರಬಹುದಂತೆ. ಇದು ಅಡ್ಡಗೋಡೆಯ ಮೇಲಿಟ್ಟ ದೀಪ. ಮಾಲೀಕ ಒಲ್ಲೆನೆಂದರೆ ಕಾರ್ಮಿಕನ ಹಕ್ಕು ಅಲ್ಲಿಗೆ ಮುಗಿಯಿತು. ಬೇಕಾದವರು ಬನ್ನಿ ಎಂದರೆ ಕಾಯಿಲೆ ಬಂದ ಅಂಗಡಿಗಳು ಬರುತ್ತವೆ, ಗಟ್ಟಿಮುಟ್ಟಾದ ಅಂಗಡಿಗಳು ಹೊರಗೆ ನಿಲ್ಲುತ್ತವೆ. ಮಳೆ ಬಂದ ಮೇಲೆ ಕೊಡೆ ಹುಡುಕುವವರೇ ತುಂಬಿದ ನಿಧಿ ಎಷ್ಟು ದಿನ ಬಾಳೀತು?

ವರ್ತಕ ಬಂಧುಗಳು ಕೇಳಬಹುದು: ಬಾಡಿಗೆ, ಬಡ್ಡಿ, ಆನ್‌ಲೈನ್ ಪೈಪೋಟಿಗಳ ನಡುವೆ ಈ ವಂತಿಗೆಯನ್ನು ಎಲ್ಲಿಂದ ತರೋಣ? ನ್ಯಾಯವಾದ ಪ್ರಶ್ನೆ. ಅದಕ್ಕಾಗಿಯೇ ಸಣ್ಣ ಅಂಗಡಿಯ ಪಾಲಿನ ಭಾರದಲ್ಲಿ ಸರಕಾರ ಹೆಗಲು ಕೊಡಬೇಕೆಂದು ನಾವು ಹೇಳುತ್ತೇವೆ. ಇ.ಎಸ್.ಐ.ಯಲ್ಲಿ ಅಂಗಡಿಯ ಮಾಲೀಕನಿಗೆ ಸ್ವಂತಕ್ಕೆ ಏನೂ ಇಲ್ಲವೆಂಬುದನ್ನೂ ಮರೆಯಬಾರದು. ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ, ಎ.ಪಿ.ಎಲ್. ಚೀಟಿಯ ಸಣ್ಣ ವ್ಯಾಪಾರಿಗೆ ಪ್ಯಾಕೇಜ್ ದರದ ಶೇಕಡಾ 30 ಮಾತ್ರ. ಗಲ್ಲಾಪೆಟ್ಟಿಗೆಯ ಹಿಂದೆ ಕೂತವನೂ ಅದರ ಮುಂದೆ ಬಟ್ಟೆ ಮಡಿಸುವವನೂ ಕಾಯಿಲೆ ಬಂದ ದಿನ ಒಂದೇ ಸಾಲಗಾರನ ಬಾಗಿಲಿಗೆ ಹೋಗಬೇಕಾಗಿದೆ.

ಕೂಡಿದರೆ ಆಗುತ್ತದೆಯೆಂಬುದಕ್ಕೆ ಸಾಕ್ಷಿ ಬೇಕೇ? 2003ರಲ್ಲಿ ಆರಂಭವಾದ ಯಶಸ್ವಿನಿಯಲ್ಲಿ ತಲೆಗೆ ತಿಂಗಳಿಗೆ ಐದು ರೂಪಾಯಿ ಹಾಕಿ, ಸರಕಾರದ ನೆರವೂ ಸೇರಿ, ನಮ್ಮ ಸಹಕಾರಿ ಸಂಘಗಳ ಲಕ್ಷಾಂತರ ರೈತರು ಆಪರೇಷನ್ನಿನ ಖರ್ಚನ್ನು ಹಂಚಿಕೊಂಡರು. 2018ರಲ್ಲಿ ಅದನ್ನು ಬೇರೊಂದು ಯೋಜನೆಯಲ್ಲಿ ಕರಗಿಸಿದ ಸರಕಾರವೇ 2022ರಲ್ಲಿ ಮತ್ತೆ ತರಬೇಕಾಯಿತು. ರೈತರು ಕೂಡಿ ಮಾಡಿದ್ದನ್ನು ಪೇಟೆಯವರು ಮಾಡಲಾರರೇ?

ಆದುದರಿಂದ ನಮ್ಮ ಬೇಡಿಕೆಗಳು ನಾಲ್ಕು. ಒಂದು: ಹತ್ತು ತಲೆಯ ಮಿತಿ ತೊಲಗಲಿ, ಇ.ಎಸ್.ಐ. ಎಲ್ಲ ಅಂಗಡಿಗಳಿಗೂ ಕಡ್ಡಾಯವಾಗಲಿ, ಸಣ್ಣವರ ವಂತಿಗೆಯಲ್ಲಿ ಸರಕಾರ ಪಾಲು ಕೊಡಲಿ. ಎರಡು: ಸಣ್ಣ ಗುಂಪುಗಳನ್ನೆಲ್ಲ ಒಂದೇ ದೊಡ್ಡ ಗುಂಪೆಂದು ಎಣಿಸಿ ಬೆಲೆ ಕಟ್ಟಬೇಕೆಂದೂ, ಒಂದು ಅಂಗಡಿಯ ಕಾಯಿಲೆಯನ್ನು ನೋಡಿ ಅದರ ಬೆಲೆ ಏರಿಸಬಾರದೆಂದೂ ಪ್ರಾಧಿಕಾರ ನಿಯಮ ಮಾಡಲಿ. ಮೂರು: ಗುಂಪು ಪಾಲಿಸಿಯ ಮೇಲಿನ ತೆರಿಗೆ ಹೋಗಲಿ. ನಾಲ್ಕು: ವರ್ತಕರ ಸಂಘ, ಸಹಕಾರಿ ಸಂಘಗಳ ಮೂಲಕ ಸಣ್ಣ ವ್ಯಾಪಾರಿಗಳಿಗೂ ಯಶಸ್ವಿನಿಯಂಥ ಯೋಜನೆಯನ್ನು ರಾಜ್ಯ ಸರಕಾರ ತೆರೆಯಲಿ.

ಗಿರಣಿ ಕಾರ್ಮಿಕ ಬಂಧುಗಳೇ, ಇದು ಅಂಗಡಿಯವರ ಗೋಳು, ನಮಗೇನು ಎನ್ನಬೇಡಿರಿ. ಗಿರಣಿಯ ಬಾಗಿಲು ಮುಚ್ಚಿದ ಮರುದಿನ ನಿಮ್ಮ ಮಗ ಕೆಲಸ ಕೇಳಿಕೊಂಡು ಹೋಗುವುದು ಆ ಆರು ಜನರ ಅಂಗಡಿಗೇ. ನಿಮ್ಮ ಯೂನಿಯನ್ನಿನ ಬೇಡಿಕೆಪಟ್ಟಿಯಲ್ಲಿ ಅವನ ಹೆಸರೂ ಇರಲಿ. ಹನಿ ಹನಿ ಕೂಡಿದರೆ ಹಳ್ಳ. ಒಂಟಿ ಹನಿಯನ್ನು ಬಿಸಿಲು ಕುಡಿಯುತ್ತದೆ.